ಗ್ಲೀ ಹುಡುಗರು ಹಾಡಿದ ಕ್ರಿಸ್‌ಮಸ್

ಕೇಳುಗರೇ, ನಮಸ್ಕಾರ. ಡಿಸೆಂಬರ್ ಬಂತು ಅಂದ್ರೆ ಎಲ್ಲಿ ಹೋದ್ರೂ ಅದೇ ಕ್ರಿಸ್‌ಮಸ್ ಹಾಡುಗಳು ಕಿವಿಗೆ ಬೀಳ್ತವೆ. ಅವೇ ಹಳೇ ಹಾಡುಗಳನ್ನ ಇಟ್ಕೊಂಡು ಅಮೆರಿಕದ ಒಂದು ಟಿವಿ ಸೀರಿಯಲ್‌ನ ನಟನಟಿಯರು 2010ರಿಂದ 2013ರವರೆಗೆ ವರ್ಷಕ್ಕೊಂದರಂತೆ ನಾಲ್ಕು ಆಲ್ಬಂ ತಂದ್ರು, ಇವತ್ತು ಅವುಗಳ ಬಗ್ಗೆ ಮಾತಾಡೋಣ ಅಂತ.

ಸೀರಿಯಲ್ ಹೆಸರು ಗ್ಲೀ. 2009ರಿಂದ 2015ರವರೆಗೆ ಫಾಕ್ಸ್ ಚಾನೆಲ್‌ನಲ್ಲಿ ಬರ್ತಿತ್ತು. ಒಹಾಯೊ ರಾಜ್ಯದ ಲೈಮಾ ಅನ್ನೋ ಊರು, ಅಲ್ಲೊಂದು ಹೈಸ್ಕೂಲು, ಆ ಸ್ಕೂಲಲ್ಲಿ ಯಾರೂ ಲೆಕ್ಕಕ್ಕೇ ಇಟ್ಕೊಳ್ಳದ ಹುಡುಗ ಹುಡುಗೀರು ಸೇರಿ ಹಾಡೋ ಒಂದು ತಂಡ, ಇಷ್ಟೇ ಕಥೆ. ನಮ್ಮ ಸಿನಿಮಾಗಳಲ್ಲಿ ಹಾಡೋರು ಒಬ್ರು ತುಟಿ ಆಡಿಸೋರು ಇನ್ನೊಬ್ರು ಅಲ್ವಾ, ಇಲ್ಲಿ ಹಾಗಲ್ಲ, ನಟರೇ ಮೊದ್ಲು ಸ್ಟುಡಿಯೋಗೆ ಹೋಗಿ ಹಾಡಿ ರೆಕಾರ್ಡ್ ಮಾಡಿ, ಆಮೇಲೆ ಸೆಟ್‌ಗೆ ಬಂದು ತಮ್ಮದೇ ದನಿಗೆ ತುಟಿ ಆಡಿಸ್ತಿದ್ರು. ಹಾಗಾಗಿ ಶೂಟಿಂಗ್‌ಗಿಂತ ಮುಂಚೆನೇ ಹಾಡು ರೆಡಿ ಇರ್ತಿತ್ತು, ಎಪಿಸೋಡ್ ಬರೋ ಮೊದ್ಲೇ ಆಲ್ಬಂ ಮಾರೋಕೂ ಆಗ್ತಿತ್ತು. ಮೊದಲ ಕ್ರಿಸ್‌ಮಸ್ ಆಲ್ಬಂ ಹಾಗೇ ಬಂದಿದ್ದು, 2010ರ ನವೆಂಬರ್ 16ಕ್ಕೆ ಅಂಗಡಿಯಲ್ಲಿ, ಕ್ರಿಸ್‌ಮಸ್ ಎಪಿಸೋಡ್ ಡಿಸೆಂಬರ್ 7ಕ್ಕೆ ಟಿವಿಯಲ್ಲಿ. ಅಮೆರಿಕದಲ್ಲಿ ತುಂಬಾ ಮಾರಾಟ ಆದ ಆಲ್ಬಂಗಳಿಗೆ ಕೊಡೋ ಪ್ಲಾಟಿನಂ ಮನ್ನಣೆನೂ ಅದಕ್ಕೆ ಸಿಕ್ತು.

ಆಗಲೇ ಲಕ್ಷಾಂತರ ಜನ ಹಾಡಿ ಬಿಟ್ಟಿರೋ ಹಾಡನ್ನ ಇವರು ಮತ್ತೆ ಹಾಡೋದು ಯಾಕೆ ಅಂತ ನೀವು ಕೇಳಬಹುದು. ನನಗನ್ಸೋದು, ಈ ಸೀರಿಯಲ್ ಪ್ರತಿ ಹಾಡಿಗೂ ಅದನ್ನ ಹಾಡಲೇಬೇಕಾದ ಒಬ್ಬ ಮನುಷ್ಯನ್ನ ಕೊಡ್ತು. ಕೊಟ್ಟಲ್ಲೆಲ್ಲ ಹಾಡು ಜೀವ ತಗೊಳ್ತು, ಕೊಡದೇ ಇದ್ದಲ್ಲಿ ನುಣುಪಾಗಿ ಪಾಲಿಶ್ ಮಾಡಿದ ಇನ್ನೊಂದು ಕವರ್ ಆಗಿ ಉಳೀತು.

ಇದು ಚೆನ್ನಾಗಿ ಗೊತ್ತಾಗೋದು ಲಾಸ್ಟ್ ಕ್ರಿಸ್‌ಮಸ್ ಹಾಡಲ್ಲಿ. ವ್ಯಾಮ್ ತಂಡದ 1984ರ ಹಾಡು ಅದು. ಗ್ಲೀಯವರು ಅದನ್ನ 2009ರಲ್ಲೇ ಸಿಂಗಲ್ ಆಗಿ, ಅಂದ್ರೆ ಅದೊಂದೇ ಹಾಡನ್ನ ಬೇರೆಯಾಗಿ, ಬಿಡುಗಡೆ ಮಾಡಿದ್ರು, ಆಗ ಅದಕ್ಕೆ ಕಥೆ ಇಲ್ಲ ಎಪಿಸೋಡ್ ಇಲ್ಲ, ಕೇಳೋಕೆ ಚೆನ್ನಾಗಿತ್ತು ಅಷ್ಟೇ. ಒಂದು ವರ್ಷ ಆದ್ಮೇಲೆ ಅದೇ ಹಾಡು ಎಪಿಸೋಡ್‌ನಲ್ಲಿ ಬಂತು. ಮುನಿಸ್ಕೊಂಡಿರೋ ತನ್ನ ಹುಡುಗ ಫಿನ್‌ನ ಸಮಾಧಾನ ಮಾಡೋಕೆ ತಂಡದ ಹಾಡುಗಾರ್ತಿ ರೇಚಲ್ ಅವನನ್ನ ಕ್ರಿಸ್‌ಮಸ್ ಮರ ಮಾರೋ ಜಾಗಕ್ಕೆ ಕರ್ಕೊಂಡು ಬರ್ತಾಳೆ, ಇಬ್ರೂ ಸೇರಿ ಹಾಡ್ತಾರೆ, ಅಲ್ಲೇ ಅವನು ಇನ್ನು ಸಾಕು ಅಂತ ಸಂಬಂಧ ಮುರಿದು ಹೋಗ್ತಾನೆ. ಅದನ್ನ ನೋಡಿದ ಮೇಲೆ ಆ ಹಾಡು ಬರೀ ಪಾರ್ಟಿ ಹಾಡಾಗಿ ಕೇಳಿಸೋದೇ ಇಲ್ಲ. ಫಿನ್ ಪಾತ್ರ ಮಾಡಿದ ಕೋರಿ ಮಾಂಟೀತ್ 2013ರ ಜುಲೈನಲ್ಲಿ, ಬರೀ 31ನೇ ವಯಸ್ಸಿಗೆ ತೀರ್ಕೊಂಡ್ರು. ಈಗ ಆ ರೆಕಾರ್ಡಿಂಗ್ ಹಾಕಿದ್ರೆ ರೇಚಲ್ ಪಾತ್ರದ ಲಿಯಾ ಮಿಷೆಲ್ ದನಿ ಪಕ್ಕದಲ್ಲಿ ಅವರ ದನಿ ಬರುತ್ತಲ್ಲ, ಅದನ್ನ ಕೇಳಿಸ್ಕೊಳ್ಳೋದು ನನಗೆ ಸುಲಭ ಆಗಲ್ಲ.

ಆಮೇಲೆ ಬೇಬಿ ಇಟ್ಸ್ ಕೋಲ್ಡ್ ಔಟ್‌ಸೈಡ್. ಫ್ರಾಂಕ್ ಲೆಸರ್ 1944ರಲ್ಲಿ ಬರೆದಿದ್ದು, 1949ರ ಸಿನಿಮಾದಲ್ಲಿ ಬಂದು ಆಸ್ಕರ್ ಕೂಡ ಗೆದ್ದಿದ್ದು. ಅಲ್ಲಿಂದ ಮುಂದೆ ಸಾಮಾನ್ಯವಾಗಿ ಒಬ್ಬ ಗಂಡು ಒಬ್ಬಳು ಹೆಣ್ಣು ಹಾಡ್ಕೊಂಡು ಬಂದ ಯುಗಳಗೀತೆ. ಗ್ಲೀಯಲ್ಲಿ ಅದನ್ನ ಹಾಡಿದ್ದು ಇಬ್ರು ಹುಡುಗ್ರು, ಕರ್ಟ್ ಪಾತ್ರದ ಕ್ರಿಸ್ ಕೋಲ್ಫರ್, ಬ್ಲೇನ್ ಪಾತ್ರದ ಡ್ಯಾರೆನ್ ಕ್ರಿಸ್. 2010ರಲ್ಲಿ, ಮನೆಮಂದಿಯೆಲ್ಲ ಕೂತು ಟಿವಿ ನೋಡೋ ಹೊತ್ತಲ್ಲಿ, ಹಬ್ಬದ ಹಾಡಲ್ಲಿ ಇಬ್ರು ಹುಡುಗ್ರ ಪ್ರೀತಿ! ಭಾಷಣ ಇಲ್ಲ ವಾದ ಇಲ್ಲ, ಸ್ಕೂಲಿನ ಒಂದು ರೂಮಲ್ಲಿ ನಗ್ತಾ ಓಡಾಡ್ತಾ ಹಾಡ್ತಾರೆ ಅಷ್ಟೇ. ಹಬ್ಬದಲ್ಲಿ ತಮಗೂ ಜಾಗ ಇದೆ ಅಂತ ಆ ಹಾಡು ಎಷ್ಟೋ ಹುಡುಗ್ರಿಗೆ ಹೇಳಿರುತ್ತೆ ಅಂತ ನನ್ನ ನಂಬಿಕೆ, ನಾಲ್ಕೂ ಆಲ್ಬಂನಲ್ಲಿ ನನಗೆ ತುಂಬಾ ಮುಖ್ಯ ಅನ್ಸೋದು ಇದೇ.

ಮೊದಲ ಆಲ್ಬಂನ 12 ಹಾಡಲ್ಲಿ ಹೆಚ್ಚುಕಮ್ಮಿ ಅರ್ಧ ಎಪಿಸೋಡ್‌ನಲ್ಲೇ ಇಲ್ಲ. ಜಿಂಗಲ್ ಬೆಲ್ಸ್ ಅಂಥವು ಕೇಳಿ ಮರೆತುಹೋಗ್ತವೆ, ದನಿಗಳನ್ನ ಸಾಣೆ ಹಿಡಿದು ಹಿಡಿದು ಯಾರು ಹಾಡ್ತಿದ್ದಾರೆ ಅನ್ನೋದೇ ಗೊತ್ತಾಗದಷ್ಟು ನುಣುಪು ಮಾಡಿದ್ದಾರೆ. ಆದ್ರೆ ಓ ಹೋಲಿ ನೈಟ್ ಹಾಗಲ್ಲ. ಅಡೋಲ್ಫ್ ಆಡಮ್ 1847ರಲ್ಲಿ ರಾಗ ಹಾಕಿದ ಫ್ರೆಂಚ್ ಹಾಡು ಮೂಲದಲ್ಲಿ, ಲಿಯಾ ಮಿಷೆಲ್ ಅದನ್ನ ಮೆಲ್ಲಗೆ ಶುರು ಮಾಡಿ ಕೊನೇ ಭಾಗದಲ್ಲಿ ಮೇಲಕ್ಕೆ ಹೋಗೋದನ್ನ ಕೇಳಬೇಕು, ಅಲ್ಲಿ ಕಥೆನೂ ಬೇಕಾಗಿಲ್ಲ.

2011ರ ಎರಡನೇ ಆಲ್ಬಂನಲ್ಲಿ ನಾನು ಹಿಡಿದು ಕೂರಿಸಿ ಕೇಳಿಸೋ ಹಾಡು ಬ್ಲೂ ಕ್ರಿಸ್‌ಮಸ್. ಹಾಡಿದ್ದು ಡೇಮಿಯನ್ ಮೆಗಿಂಟಿ, ಉತ್ತರ ಐರ್ಲೆಂಡ್‌ನ ಡೆರಿ ಊರಿನ ಹುಡುಗ, ಒಂದು ರಿಯಾಲಿಟಿ ಶೋ ಗೆದ್ದು ಗ್ಲೀಗೆ ಬಂದವನು. ಅವನ ಪಾತ್ರ ರೋರಿನೂ ಐರ್ಲೆಂಡ್‌ನಿಂದ ಓದೋಕೆ ಬಂದಿರೋ ಹುಡುಗನೇ, ಮನೆ ಬಿಟ್ಟು ಅವನ ಮೊದಲ ಕ್ರಿಸ್‌ಮಸ್ ಅದು. ಆ ತಗ್ಗು ದನಿಯಲ್ಲಿ ಮನೆ ನೆನಪು ತಾನಾಗೇ ಬರುತ್ತೆ, ಪರದೇಶದಲ್ಲಿ ಹಬ್ಬ ಕಳೆದೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಆಲ್ಬಂನಲ್ಲಿ ಗಾಯಕಿ ಜೋನಿ ಮಿಚೆಲ್ ಅವರ ರಿವರ್ ಹಾಡು ಕೂಡ ಇದೆ, ಅದನ್ನೂ ಬಿಡಬೇಡಿ.

ಮೂರನೇದು ನಾಲ್ಕನೇದು ಸಣ್ಣವು, ಹಾಡುಗಳೂ ಕಮ್ಮಿ. ಮೂರನೇದರಲ್ಲಿ ಯಹೂದಿಗಳ ಹನುಕ್ಕಾ ಹಬ್ಬದ ಹಾಡೂ ಸೇರಿದ್ದು ನನಗೆ ಇಷ್ಟ ಆಯ್ತು. ಅದರಲ್ಲೇ ವೈಟ್ ಕ್ರಿಸ್‌ಮಸ್ ಇದೆ, ಕರ್ಟ್‌ನ ಅಪ್ಪ ತನಗೆ ಕ್ಯಾನ್ಸರ್ ಅಂತ ಹೇಳೋಕೆ ನ್ಯೂಯಾರ್ಕ್‌ಗೆ ಬರ್ತಾರೆ, ಬರೋವಾಗ ಮಗನಿಂದ ದೂರ ಆಗಿದ್ದ ಬ್ಲೇನ್‌ನ ಹಬ್ಬದ ಗಿಫ್ಟು ಅಂತ ಜೊತೆಗೇ ಕರ್ಕೊಂಡು ಬಂದಿರ್ತಾರೆ. ಆ ಇಬ್ರು ಐಸ್ ಮೇಲೆ ಸ್ಕೇಟಿಂಗ್ ಮಾಡ್ತಾ ಹಾಡೋದೇ ಈ ಹಾಡು.

ಈ ಡಿಸೆಂಬರ್‌ನಲ್ಲಿ ಕೇಳೋದಾದ್ರೆ ಆಲ್ಬಂ ಹಾಕೋಕೆ ಮುಂಚೆ ಎರಡನೇ ಸೀಸನ್‌ನ ಕ್ರಿಸ್‌ಮಸ್ ಎಪಿಸೋಡ್ ಒಂದ್ಸಲ ನೋಡಿಬಿಡಿ, ಮುಕ್ಕಾಲು ಗಂಟೆನೂ ಆಗಲ್ಲ. ನಮಸ್ಕಾರ.