ಮತ್ತೆ ಚರ್ಚಿನ ಮೆಟ್ಟಿಲು ಹತ್ತುವವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ದಾವಣಗೆರೆಯಲ್ಲಿ ದೇವರ ಮೇಲೆ ಸಿಟ್ಟು ಮಾಡಿಕೊಂಡು ಚರ್ಚ್ ಬಿಟ್ಟವರು ನಾನು ಕಂಡ ಹಾಗೆ ಕಡಿಮೆ. ಸುಮ್ನೆ ಬಿಟ್ಟವರೇ ಜಾಸ್ತಿ. ಒಂದು ಭಾನುವಾರ ಅಂಗಡಿ ತೆಗೆಯಬೇಕಿತ್ತು, ಇನ್ನೊಂದು ಭಾನುವಾರ ಮಗಳಿಗೆ ಟ್ಯೂಷನ್, ಅದರ ಮುಂದಿನ ವಾರ ಮಳೆ. ಪೂಜೆ ಮುಗಿಸಿ ಮನೆಮಂದಿಯೆಲ್ಲ ಬೆಣ್ಣೆ ದೋಸೆ ತಿಂದು ಮನೆಗೆ ಹೋಗುವ ಅಭ್ಯಾಸ ಎಷ್ಟೋ ಕುಟುಂಬಗಳಲ್ಲಿತ್ತು. ಈಗ ಪೂಜೆ ಬಿಟ್ಟುಹೋಗಿದೆ, ದೋಸೆ ಉಳಿದಿದೆ. ನಗಬೇಡಿ, ಹಾಗೇ ಆಗೋದು. ಯಾರೂ ಕೂತು ಯೋಚನೆ ಮಾಡಿ ಬಿಟ್ಟಿರುವುದಿಲ್ಲ.

ಬಿಡುವಾಗ ಕಾರಣ ಬೇಕಾಗಲಿಲ್ಲ, ವಾಪಸ್ ಬರೋಕೆ ಮಾತ್ರ ದೊಡ್ಡ ಕಾರಣ ಬೇಕು ಅನ್ನಿಸುತ್ತದೆ. ಇಷ್ಟು ವರ್ಷ ಎಲ್ಲಿದ್ದೆ ಅಂತ ಕೇಳಿದರೆ ಏನು ಹೇಳೋದು? ಮೊದಲು ಕುಡಿತ ಬಿಡುತ್ತೇನೆ, ತಮ್ಮನ ಜೊತೆ ಮಾತು ಬಿಟ್ಟಿದ್ದೇನೆ ಅದೊಂದು ಸರಿಹೋಗಲಿ, ಆಮೇಲೆ ಬರುತ್ತೇನೆ ಅನ್ನುತ್ತಾರೆ. ಹೀಗೆ ಅನ್ನುತ್ತಾ ಅನ್ನುತ್ತಾ ಮಕ್ಕಳ ಮದುವೆಯ ವಯಸ್ಸು ಬಂದುಬಿಡುತ್ತದೆ, ಅಲ್ವಾ?

ಅಂಥವರು ಬೈಬಲಿನಲ್ಲಿ ಲೂಕನ ಶುಭಸಂದೇಶದ 15ನೇ ಅಧ್ಯಾಯವನ್ನು ಇನ್ನೊಮ್ಮೆ ನಿಧಾನಕ್ಕೆ ಓದಬೇಕು. ಆಸ್ತಿಯ ಪಾಲು ತಗೊಂಡು ಹೋಗಿ ಹಾಳು ಮಾಡಿದ ಮಗನ ಕಥೆ ಎಲ್ಲರಿಗೂ ಗೊತ್ತು, ಗೊತ್ತು ಅಂತಲೇ ನಾವು ಸರಿಯಾಗಿ ಓದುವುದಿಲ್ಲ. ಅವನಿಗೆ ಮನೆ ನೆನಪಾಗಿದ್ದು ಭಕ್ತಿಯಿಂದಲ್ಲ, ಹಸಿವಿನಿಂದ. ಹಂದಿ ತಿನ್ನುವ ಕಾಯಿಯನ್ನೂ ಯಾರೂ ಕೊಡದೇ ಹೋದಾಗ, ಅಪ್ಪನ ಮನೆಯ ಕೂಲಿಯವರು ಹೊಟ್ಟೆತುಂಬ ಉಣ್ಣುತ್ತಾರಲ್ಲ ಅಂತ ಲೆಕ್ಕ ಹಾಕಿದ. ಹೊರಡುವ ಮೊದಲು ಏನು ಹೇಳಬೇಕು ಅಂತ ಬಾಯಿಪಾಠ ಮಾಡಿಕೊಂಡ. 18 ಮತ್ತು 19ನೇ ವಚನ ನೋಡಿ: ಪಾಪ ಮಾಡಿದ್ದೇನೆ, ನಿನ್ನ ಮಗ ಅನ್ನಿಸಿಕೊಳ್ಳೋಕೆ ನಾನು ಯೋಗ್ಯನಲ್ಲ, ಕೂಲಿಯವರಲ್ಲಿ ಒಬ್ಬನ ಹಾಗೆ ಇಟ್ಟುಕೋ. ಮೂರು ಮಾತು. 21ನೇ ವಚನಕ್ಕೆ ಬಂದರೆ ಅವನು ಹೇಳಿದ್ದು ಎರಡೇ. ಕೂಲಿಯ ಮಾತು ಬಾಯಿಗೆ ಬರುವಷ್ಟರಲ್ಲಿ ಅಪ್ಪ ಆಗಲೇ ಆಳುಗಳ ಕಡೆ ತಿರುಗಿ, ಒಳ್ಳೆ ಬಟ್ಟೆ ತನ್ನಿ, ಬೆರಳಿಗೆ ಉಂಗುರ ಹಾಕಿ, ಕಾಲಿಗೆ ಜೋಡು ಮೆಡಿಸಿ ಅನ್ನುತ್ತಿದ್ದಾನೆ. ಅದಕ್ಕೂ ಮುಂಚೆ, ಮಗ ಇನ್ನೂ ದೂರದಲ್ಲಿರುವಾಗಲೇ ಓಡಿ ಹೋಗಿ ತಬ್ಬಿಕೊಂಡಿದ್ದ. ಆಳುಕಾಳು ಇರುವ, ಬೆಳೆದ ಮಕ್ಕಳಿರುವ ಯಜಮಾನ ಹೀಗೆ ಬೀದಿಯಲ್ಲಿ ಓಡುವುದು ಆ ಕಾಲದಲ್ಲಿ ಮರ್ಯಾದೆಯ ವಿಷಯ ಅಲ್ಲ. ನಮ್ಮ ಹಳ್ಳಿಯ ಗೌಡರು ಓಡಿದ್ದನ್ನು ನೀವು ನೋಡಿದ್ದೀರಾ?

ಯೇಸುವಿನ ಶಿಷ್ಯ ಪೇತ್ರನದು ಇನ್ನೂ ಕಷ್ಟದ ಕಥೆ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತು, ಯೇಸು ಯಾರೋ ನನಗೆ ಗೊತ್ತಿಲ್ಲ ಅಂತ ಮೂರು ಸಲ ಅಂದವನು. ಕೆಲವು ದಿನಗಳಾದ ಮೇಲೆ ಹಳೇ ಕಸುಬಿಗೇ ಮರಳಿ ಮೀನು ಹಿಡಿಯೋಕೆ ಹೋದ. ಬೆಳಗಿನ ಜಾವ ದಡಕ್ಕೆ ಬಂದು ನೋಡಿದರೆ ಅಲ್ಲೂ ಕೆಂಡದ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಯೇಸು ಮೊದಲು ಊಟಕ್ಕೆ ಕರೆದರು. ಊಟ ಆದ ಮೇಲೆ ಕೇಳಿದ್ದೂ, ನನ್ನನ್ನು ಪ್ರೀತಿಸುತ್ತೀಯಾ ಅಂತ ಮಾತ್ರ. ಅವತ್ತು ಯಾಕೆ ಹಾಗಂದೆ ಅಂತ ಕೇಳಲೇ ಇಲ್ಲ. ನನಗಂತೂ ಇಡೀ ಬೈಬಲಿನಲ್ಲಿ ಇದಕ್ಕಿಂತ ಇಷ್ಟವಾದ ಜಾಗ ಇನ್ನೊಂದಿಲ್ಲ.

ಇನ್ನು ಕೆಲಸಕ್ಕೆ ಬರುವ ಮಾತು. ನಮ್ಮ ಕಥೋಲಿಕರಲ್ಲಿ ಬಹಳ ಜನ ಹಿಂದೆ ಸರಿಯುವುದು ಪಾಪನಿವೇದನೆಗೆ, ಅಂದರೆ ಫಾದರ್ ಹತ್ತಿರ ತಪ್ಪು ಹೇಳಿಕೊಳ್ಳೋಕೆ, ಹೆದರಿ. ಜಪ ಮರೆತುಹೋಗಿದೆ ಅನ್ನುತ್ತಾರೆ. ಮರೆತಿದೆ ಅಂತಲೇ ಹೇಳಿ, ಫಾದರ್ ಹೇಳಿಕೊಡುತ್ತಾರೆ. ಅಲ್ಲಿ ಕೇಳಿದ್ದನ್ನು ಅವರು ಯಾವ ಕಾರಣಕ್ಕೂ ಹೊರಗೆ ಬಿಡುವಂತಿಲ್ಲ, ಬಿಟ್ಟರೆ ಧರ್ಮಸಭೆಯ ಕಾನೂನಿನ ಪ್ರಕಾರ ಅವರಿಗೇ ಬಹಿಷ್ಕಾರ. ನಮ್ಮ ಚರ್ಚಿನ ಗುರುಗಳಿಗೆ ನನ್ನ ಗುರುತಿದೆ, ಮುಜುಗರ ಅನ್ನುವವರು ಬೇರೆ ಊರಿನ ಗುರುಗಳ ಹತ್ತಿರ ಹೋಗಬಹುದು, ತಪ್ಪೇನಿಲ್ಲ. ಹರಿಹರ ಏನು ದೂರವೇ? ಆರೋಗ್ಯ ಮಾತೆಯ ಬಸಿಲಿಕ ಅನ್ನುವ ದೊಡ್ಡ ಚರ್ಚ್ ಇದೆ, ಸೆಪ್ಟೆಂಬರ್ 8ರ ಹಬ್ಬದ ಜನಜಂಗುಳಿಯಲ್ಲಿ ನಿಮ್ಮನ್ನು ಯಾರು ನೋಡುತ್ತಾರೆ! ಮದುವೆ ವಿಚಾರದಲ್ಲಿ ತೊಡಕು ಇರುವವರು ಮಾತ್ರ ಗುರುಗಳ ಎದುರು ಬಿಡುವಾಗಿ ಕೂತು ಮಾತಾಡಬೇಕು, ಅದು ಒಂದೇ ದಿನದಲ್ಲಿ ಮುಗಿಯುವಂಥದ್ದಲ್ಲ. ಆದರೆ ಅದು ಮುಗಿಯುವ ತನಕ ಪೂಜೆಗೆ ಬಂದು ಕೂರಬೇಡಿ ಅಂತ ಯಾರೂ ಹೇಳಿಲ್ಲ.

ಹಾಂ, ವಾರ ತಪ್ಪದೆ ಚರ್ಚಿಗೆ ಬರುವವರಿಗೂ ಒಂದು ಮಾತಿದೆ. ಆಸ್ತಿ ಹಾಳು ಮಾಡಿದ ಮಗನ ಕಥೆಯಲ್ಲಿ ಒಬ್ಬ ಅಣ್ಣನೂ ಇದ್ದಾನೆ. ಹೊಲದಿಂದ ಬಂದವನು ಹಾಡು ಕುಣಿತ ಕೇಳಿ ಮುನಿಸಿಕೊಂಡು ಹೊರಗೇ ನಿಂತ. ಅಪ್ಪ ಹೊರಗೆ ಬಂದು ಅವನನ್ನೂ ಕರೆದ. ಒಳಗೆ ಹೋದನೋ ಇಲ್ಲವೋ, ಲೂಕ ಬರೆದಿಲ್ಲ. ನಮ್ಮ ಚರ್ಚ್ ಬಾಗಿಲಲ್ಲಿ ಈ ಅಣ್ಣಂದಿರು ಬಹಳ ಜನ. ಎಷ್ಟೋ ವರ್ಷದ ಮೇಲೆ ಒಬ್ಬ ಧೈರ್ಯ ಮಾಡಿ ಬಂದಿರುತ್ತಾನೆ, ನಾವು ಹಲ್ಲು ಕಿರಿದು, "ಏನಪ್ಪಾ ಅಪರೂಪ, ದಾರಿ ತಪ್ಪಿ ಬಂದ್ಯಾ?" ಅಂದುಬಿಡುತ್ತೇವೆ. ತಮಾಷೆಗೇ ಅಂದಿರಬಹುದು. ಅವನು ಮುಂದಿನ ವಾರ ಬರುವುದಿಲ್ಲ. ಹಳೇ ಮುಖ ಕಂಡರೆ ಪ್ರಶ್ನೆ ಕೇಳೋಕೆ ಹೋಗಬೇಡಿ. ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಕೊಡಿ, ಹಾಡಿನ ಪುಸ್ತಕದಲ್ಲಿ ಎಷ್ಟನೇ ಪುಟ ಅಂತ ತೋರಿಸಿ, ಸಾಕು.

ನಮಸ್ಕಾರ.