ಪುಟ ತಿರುವುವ ಮುಂಚೆ

ಕೇಳುಗರೆ, ನಮಸ್ಕಾರ. ಮನೆಯಲ್ಲಿ ಮೂರ್ನಾಲ್ಕು ವರ್ಷದ ಮಗು ಇರುವವರಿಗೆ ಇವತ್ತು ಒಂದೇ ಮಾತು. ಚಿತ್ರಪುಸ್ತಕ ಓದುವಾಗ ಪುಟ ತಿರುವುವ ಮುಂಚೆ ನಿಲ್ಲಿ. "ಮುಂದೇನು ಬರ್ತದ?" ಅಂತ ಕೇಳಿ. ಮಗು ಬಾಯಿ ಬಿಡುವವರೆಗೆ ನೀವು ಬಾಯಿ ಮುಚ್ಚಿಕೊಂಡಿರಿ.

ಎಷ್ಟೋ ಮನೆಗಳಲ್ಲಿ ನೆಂಟರ ಮುಂದೆ ಮಗುವನ್ನು ನಿಲ್ಲಿಸಿ ಎರಡರ ಮಗ್ಗಿ ಹೇಳಿಸುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನನಗೆ ಮಾತ್ರ ಸಂಕಟ. ಯಾವುದಾದ ಮೇಲೆ ಯಾವುದು, ಯಾಕೆ ಅಂತ ತಿಳಿಯದಿದ್ದರೆ ಮಗ್ಗಿ ಬರೀ ಹಾಡು, ಅಲ್ವಾ?

ಕೊಪ್ಪಳದ ಹತ್ತಿರ ಒಂದು ಅಂಗನವಾಡಿಗೆ ಹೋಗಿದ್ದೆ. ಪುಸ್ತಕದಲ್ಲಿ ಕೆಂಪು ಚೌಕ, ಹಸಿರು ಚೌಕ, ಮತ್ತೆ ಕೆಂಪು, ಮತ್ತೆ ಹಸಿರು. ಮುಂದಿನದನ್ನು ಅಂಗೈಯಿಂದ ಮುಚ್ಚಿ ಕೇಳಿದೆ. ಯಾರೂ ಉಸಿರೆತ್ತಲಿಲ್ಲ. ನನಗೋ ತಡೆಯಲಾಗಲಿಲ್ಲ, ಇನ್ನೇನು ನಾನೇ ಹೇಳಿಬಿಡಬೇಕು, ಅಷ್ಟರಲ್ಲಿ ಒಬ್ಬ ಹುಡುಗಿ, "ಇದು ನಮ್ಮಜ್ಜಿ ಕೌದಿ ರೀ" ಅಂದಳು. ಮನೆ ಎದುರಿಗೇ ಇತ್ತು. ಓಡಿಹೋಗಿ ಕೌದಿಯ ಜೊತೆ ಅಜ್ಜಿಯನ್ನೂ ಎಳೆದುಕೊಂಡು ಬಂದಳು. ನೆಲಕ್ಕೆ ಹಾಸಿದೆವು. ಹಳೇ ಸೀರೆಯ ತುಂಡುಗಳು. ಕೆಂಪು, ಹಸಿರು, ಕೆಂಪು, ಹಸಿರು. ಮಕ್ಕಳೆಲ್ಲ ಬೆರಳಿಟ್ಟು ಕೂಗುತ್ತಾ ಹೋದರು. ಅಂಚಿನ ಹತ್ತಿರ ಹುಡುಗಿ ಗಕ್ಕನೆ ನಿಂತಳು. ಅಲ್ಲೊಂದು ಹಳದಿ ತುಂಡು.

"ಏ ಅಜ್ಜಿ, ಇಲ್ಲಿ ತಪ್ಪೀದಿ ನೀ!"

"ಕೆಂಪು ಅರಿವಿ ತೀರಿತ್ತವ್ವಾ" ಅಂತ ಅಜ್ಜಿ ನಕ್ಕರು.

ಆ ಹುಡುಗಿಗೆ ಮಗ್ಗಿ ಬರುತ್ತಿರಲಿಲ್ಲ. ಆದರೆ ಅಲ್ಲಿ ಕೆಂಪು ಇರಬೇಕಿತ್ತು ಅಂತ ಗೊತ್ತಿತ್ತು. ಅದೇ ಗಣಿತ ರೀ!

ಕೌದಿಯಲ್ಲೇ ಹೊತ್ತು ಹೋಯಿತು. ದೊಡ್ಡ ಮಕ್ಕಳಿಗೆ ಒಂದು ವಿಷಯ ಬೇಗ ಹೇಳಿಬಿಡುತ್ತೇನೆ. ನಾವು ಸೂರ್ಯಪಾನ ಅಂತೀವಲ್ಲ, ಆ ಸೂರ್ಯಕಾಂತಿಯ ತೆನೆ ನೋಡಿ. ಬೀಜಗಳ ಸುರುಳಿ ಎಷ್ಟೋ ತೆನೆಗಳಲ್ಲಿ ಒಂದು ದಿಕ್ಕಿಗೆ 34, ಇನ್ನೊಂದು ದಿಕ್ಕಿಗೆ 55. ಇವು 1, 2, 3, 5, 8 ಅಂತ ಹೋಗುವ ಸಾಲಿನವು. ಹಿಂದಿನ ಎರಡು ಕೂಡಿಸಿದರೆ ಮುಂದಿನದು. ಛಂದಸ್ಸಿನ ಲಘು, ಗುರು ಎಣಿಸುತ್ತಾ ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರ 12ನೇ ಶತಮಾನದಲ್ಲೇ ಇದನ್ನು ಹೇಳಿದ್ದ. ನೀವು ಮಾತ್ರ 8ಕ್ಕೇ ನಿಲ್ಲಿಸಿ. ಮುಂದೇನು ಅಂತ ಕೇಳಿ.

ಪುಸ್ತಕ ಎಲ್ಲಿ ತರೋದು ಅಂತೀರಾ? ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಮೊಬೈಲ್‌ನಲ್ಲೇ ಓದಿ. ಅಲ್ಲೂ ಅಷ್ಟೇ, ಬೆರಳು ಸರಿಸುವ ಮುಂಚೆ ನಿಲ್ಲಿ, ಕೇಳಿ. ಮಗು ತಪ್ಪು ಹೇಳಿದರೆ ತಿದ್ದಲು ಹೋಗಬೇಡಿ. ಸುಮ್ನೆ ಪುಟ ತಿರುವಿ, ಅದೇ ನೋಡಿಕೊಳ್ಳುತ್ತದೆ. ನಮಸ್ಕಾರ.