ಹಣ ಕೊಟ್ಟು ನಕ್ಷತ್ರಕ್ಕೆ ಹೆಸರಿಟ್ಟರೆ

ಕೇಳುಗರೇ, ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ನಾವು ಒಂದಷ್ಟು ಹವ್ಯಾಸಿಗಳು ಬಯಲಿನಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡು, ಬಂದವರಿಗೆಲ್ಲ ಆಕಾಶ ತೋರಿಸುತ್ತಿದ್ದೆವು. ಅವತ್ತು ಶನಿಗ್ರಹ ನೋಡುವವರ ಸಾಲು ಜಾಸ್ತಿ ಇತ್ತು. ಮಕ್ಕಳ ಗಲಾಟೆಯೆಲ್ಲ ಮುಗಿದು ಸಾಲು ಕರಗಿದ ಮೇಲೆ, ಅಷ್ಟು ಹೊತ್ತೂ ಪಕ್ಕದಲ್ಲೇ ನಿಂತಿದ್ದ ಒಬ್ಬ ಹುಡುಗ ಹತ್ತಿರ ಬಂದ. ಇಪ್ಪತ್ತೈದು ವರ್ಷ ಇರಬಹುದು. ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ್ದ ಏನೋ ಇತ್ತು. ಬಿಚ್ಚಿದ. ಗಾಜಿನ ಚೌಕಟ್ಟು ಹಾಕಿಸಿದ ಒಂದು ಪ್ರಮಾಣಪತ್ರ.

"ಸರ್, ಇದನ್ನ ಒಂಚೂರು ತೋರಿಸ್ತೀರಾ? ನಮ್ಮ ಅಕ್ಕನ ನಕ್ಷತ್ರ."

ಅಕ್ಕ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರ ಜೊತೆ ಕೆಲಸ ಮಾಡುತ್ತಿದ್ದವರು ಸೇರಿ ದುಡ್ಡು ಹಾಕಿ, ಒಂದು ಕಂಪನಿಯಿಂದ ನಕ್ಷತ್ರವೊಂದಕ್ಕೆ ಅವರ ಹೆಸರು ಇಡಿಸಿ, ಈ ಪತ್ರವನ್ನು ಮನೆಗೆ ತಂದುಕೊಟ್ಟಿದ್ದರು. ಅಮ್ಮ ಅದನ್ನು ಗೋಡೆಗೆ ಹಾಕಿಸಿದ್ದರು. ಅವತ್ತು ಮೊಳೆಯಿಂದ ಬಿಡಿಸಿಕೊಂಡು ಬಂದಿದ್ದ.

ಪತ್ರದಲ್ಲಿ ಮೇಲೆ ಅಕ್ಕನ ಹೆಸರು. ಕೆಳಗೆ ಎರಡು ಸಾಲು ಅಂಕಿ, ಅಂದರೆ ಆಕಾಶದ ವಿಳಾಸ. ಅದರ ಕೆಳಗೆ ಒಂದು ಸಣ್ಣ ನಕ್ಷೆ. ನಕ್ಷೆಯಲ್ಲಿ ಒಂದು ಚುಕ್ಕೆಗೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿದ್ದರು. ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡಬಾರದು ಅಂತ ನಾವು ಟಾರ್ಚಿಗೆ ಕೆಂಪು ಕಾಗದ ಸುತ್ತಿರುತ್ತೇವೆ. ಆ ಬೆಳಕಿನಲ್ಲಿ ಕೆಂಪು ಇಂಕು ಕಾಣುವುದಿಲ್ಲ. ಸುತ್ತು ಮಾಯ! ಬರೀ ಚುಕ್ಕೆಗಳು ಉಳಿದವು. ಕೊನೆಗೆ ಅವನ ಫೋನಿನ ಬೆಳಕನ್ನು ಅಂಗೈಯಲ್ಲಿ ಮರೆಮಾಡಿಕೊಂಡು ಆ ಸುತ್ತನ್ನು ಹುಡುಕಬೇಕಾಯಿತು.

ಆ ಪತ್ರದ ಬಗ್ಗೆಯೇ ಇವತ್ತು ನಿಮ್ಮ ಜೊತೆ ಮಾತಾಡಬೇಕು ಅಂದುಕೊಂಡಿದ್ದೇನೆ. ಹಣ ಕೊಟ್ಟು ನಕ್ಷತ್ರಕ್ಕೆ ಹೆಸರು ಇಡಿಸಿದರೆ ಅದಕ್ಕೆ ಅರ್ಥ ಇದೆಯಾ?

ಈ ವ್ಯಾಪಾರ 1970ರ ದಶಕದ ಕೊನೆಯಿಂದ ನಡೆದಿದೆ. ಹುಟ್ಟುಹಬ್ಬ, ಮದುವೆ, ಸಾವು, ಎಲ್ಲದಕ್ಕೂ ನಕ್ಷತ್ರ ಕೊಡುತ್ತಾರೆ. ನಾವು ಕೊಟ್ಟ ಹೆಸರು ಆಮೇಲೆ ಎಲ್ಲಿಗೆ ಹೋಗುತ್ತದೆ? ಆ ಕಂಪನಿಯ ಸ್ವಂತ ಪಟ್ಟಿಗೆ. ಅಷ್ಟೇ. ಯಾವ ವೀಕ್ಷಣಾಲಯವೂ ಆ ಪಟ್ಟಿಯನ್ನು ತೆರೆದು ನೋಡುವುದಿಲ್ಲ. ಇನ್ನೊಂದು ಕಂಪನಿ ಅದೇ ನಕ್ಷತ್ರವನ್ನು ಇನ್ನೊಬ್ಬರಿಗೆ ಮಾರಿದರೆ ತಡೆಯುವವರು ಯಾರೂ ಇಲ್ಲ. ಕೆಲವರು ಹೆಸರುಗಳನ್ನೆಲ್ಲ ಪುಸ್ತಕ ಮಾಡಿ, ಅದಕ್ಕೆ ಕಾಪಿರೈಟ್ ಮಾಡಿಸಿದ್ದೇವೆ ಎನ್ನುತ್ತಾರೆ. ಕೇಳಿದವರಿಗೆ ಸರ್ಕಾರವೇ ಮುದ್ರೆ ಒತ್ತಿದ ಹಾಗೆ ಅನಿಸುತ್ತದೆ. ಆದರೆ ಕಾಪಿರೈಟ್ ಕಾಯುವುದು ಪುಸ್ತಕವನ್ನು. ಯಾರೂ ಅದನ್ನು ನಕಲು ಹೊಡೆಯಬಾರದು, ಇಷ್ಟೇ ಅದರ ಅರ್ಥ. ಆಕಾಶದಲ್ಲಿರುವ ನಕ್ಷತ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. 1998ರಲ್ಲಿ ನ್ಯೂಯಾರ್ಕ್ ನಗರದ ಗ್ರಾಹಕ ವ್ಯವಹಾರ ಇಲಾಖೆ, ಇದು ಗ್ರಾಹಕರ ದಾರಿ ತಪ್ಪಿಸುವ ವ್ಯಾಪಾರ ಅಂತ ಇಂಥ ಒಂದು ಕಂಪನಿಯ ಮೇಲೆ ಕ್ರಮ ಕೈಗೊಂಡಿತ್ತು.

ಹಾಗಾದರೆ ನಕ್ಷತ್ರಗಳ ಹೆಸರು ಯಾರ ಕೈಯಲ್ಲಿದೆ? ಪ್ರಪಂಚದ ಖಗೋಳ ವಿಜ್ಞಾನಿಗಳೆಲ್ಲ ಸೇರಿ 1919ರಲ್ಲಿ ಕಟ್ಟಿಕೊಂಡ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಎಂಬ ಸಂಸ್ಥೆ ಇದೆ. ಆಕಾಶವನ್ನು 88 ತಾರಾಮಂಡಲಗಳಾಗಿ ಗೆರೆ ಎಳೆದು ಗೊತ್ತುಮಾಡಿದ್ದು ಅದೇ. ನಕ್ಷತ್ರಗಳ ಹೆಸರನ್ನು ನೋಡಿಕೊಳ್ಳಲು 2016ರಲ್ಲಿ ಅದು ಒಂದು ಗುಂಪನ್ನು ಮಾಡಿತು. ಆ ಗುಂಪು ಇಲ್ಲಿಯವರೆಗೆ ಒಪ್ಪಿರುವುದು ಬರೀ ಕೆಲವು ನೂರು ಹೆಸರುಗಳನ್ನು. ಹೆಚ್ಚಿನವು ಜನ ಶತಮಾನಗಳಿಂದ ಉಳಿಸಿಕೊಂಡು ಬಂದ ಹಳೆಯ ಹೆಸರುಗಳು. ದುಡ್ಡು ತಗೊಂಡು ಒಂದೇ ಒಂದು ಹೆಸರನ್ನೂ ಅದು ಕೊಟ್ಟಿಲ್ಲ.

ಅಷ್ಟು ಕಡಿಮೆಯಾ ಅಂತ ನಿಮಗೆ ಅನಿಸಬಹುದು. ಇಡೀ ಆಕಾಶದಲ್ಲಿ ಬರಿಗಣ್ಣಿಗೆ ಕಾಣುವ ನಕ್ಷತ್ರಗಳೇ ಹೆಚ್ಚೆಂದರೆ 9,000. ಗಯಾ ಎಂಬ ಉಪಗ್ರಹ ಗುರುತಿಸಿದ್ದು ಸುಮಾರು 180 ಕೋಟಿ. ಅಷ್ಟಕ್ಕೂ ಹೆಸರು ಎಲ್ಲಿಂದ ತರುವುದು? ಅದಕ್ಕೇ ನಂಬರು ಕೊಡುತ್ತಾರೆ. ನಂಬರು ಹೇಳಿದರೆ ಸಾಕು, ಭೂಮಿಯ ಆ ತುದಿಯವನೂ ಈ ತುದಿಯವಳೂ ಒಂದೇ ಚುಕ್ಕೆಗೆ ಟೆಲಿಸ್ಕೋಪ್ ತಿರುಗಿಸುತ್ತಾರೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಆ ಒಕ್ಕೂಟಕ್ಕೂ ಆಕಾಶ ಸ್ವಂತದ್ದೇನಲ್ಲ. ಅದು ಇಟ್ಟ ಹೆಸರು ನಿಲ್ಲುವುದು ಎಲ್ಲರೂ ಆ ಹೆಸರಿನಿಂದ ಕರೆಯೋಣ ಅಂತ ಒಪ್ಪಿಕೊಂಡಿರುವುದರಿಂದ. ಹೆಸರು ಅಂದರೆ ಕರೆಯುವವರು ಇರಬೇಕು, ಅಲ್ವಾ? ಮಗುವಿಗೆ ಎಷ್ಟೇ ಚೆಂದದ ಹೆಸರು ಬರೆಸಿದರೂ ಮನೆಯಲ್ಲಿ ಎಲ್ಲರೂ ಪುಟ್ಟಿ ಅಂತ ಕರೆದರೆ ಅದು ತಿರುಗಿ ನೋಡುವುದು ಪುಟ್ಟಿ ಅಂದಾಗಲೇ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಕಥೆಯೊಂದಿದೆ. ಹೆನ್ರಿ ಡ್ರೇಪರ್ ಅಂತ ಅಮೆರಿಕದಲ್ಲಿ ಒಬ್ಬ ವೈದ್ಯರಿದ್ದರು. ಆಕಾಶದ ಹುಚ್ಚು. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಆ ರೋಹಿತದ ಫೋಟೊ ತೆಗೆದವರಲ್ಲಿ ಅವರೇ ಮೊದಲಿಗರು. 1872ರಲ್ಲಿ. ಅವರ ಹೆಂಡತಿ ಮೇರಿ ಆನಾ ರಾತ್ರಿಯಿಡೀ ಜೊತೆಗಿದ್ದು ಕೈಜೋಡಿಸುತ್ತಿದ್ದರು. 1882ರಲ್ಲಿ ಡ್ರೇಪರ್ ತೀರಿಕೊಂಡರು. ಇನ್ನೂ 45 ವರ್ಷ. ಗಂಡನ ಹೆಸರು ಉಳಿಯಬೇಕು ಅಂತ ಆಕೆಗೂ ಆಸೆ ಇತ್ತು. ಆಕೆಯ ಹತ್ತಿರವೂ ಹಣ ಇತ್ತು. ಆಕೆ ಆ ಹಣವನ್ನು ಹಾರ್ವರ್ಡ್ ವೀಕ್ಷಣಾಲಯಕ್ಕೆ ಕೊಟ್ಟು, ಗಂಡ ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಂದುವರಿಸಿ ಎಂದರು. ಅಲ್ಲಿ ಹೆಣ್ಣುಮಕ್ಕಳ ಒಂದು ತಂಡ ಗಾಜಿನ ಫೋಟೊ ತಟ್ಟೆಗಳ ಮೇಲೆ ಬಗ್ಗಿ, ಭೂತಗನ್ನಡಿ ಹಿಡಿದು, ಒಂದೊಂದೇ ನಕ್ಷತ್ರವನ್ನು ವಿಂಗಡಿಸಿತು. ಆನಿ ಜಂಪ್ ಕ್ಯಾನನ್ ಎಂಬಾಕೆ ಲಕ್ಷಗಟ್ಟಲೆ ನಕ್ಷತ್ರಗಳನ್ನು ತಾವೇ ನೋಡಿ ಬರೆಸಿದರು. 1918ರಿಂದ 1924ರವರೆಗೆ ಅದು ಒಂಬತ್ತು ಸಂಪುಟಗಳಾಗಿ ಹೊರಬಂತು. ಒಟ್ಟು 2,25,300 ನಕ್ಷತ್ರಗಳು. ಪ್ರತಿಯೊಂದರ ನಂಬರಿನ ಮುಂದೆ ಎರಡು ಅಕ್ಷರ, ಎಚ್‌ಡಿ. ಹೆನ್ರಿ ಡ್ರೇಪರ್. ಇವತ್ತಿಗೂ ಪ್ರಪಂಚದಲ್ಲಿ ಯಾರಾದರೊಬ್ಬರು ಆ ಎರಡು ಅಕ್ಷರ ಉಚ್ಚರಿಸದೆ ಒಂದು ರಾತ್ರಿಯೂ ಕಳೆಯುವುದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಮೇರಿ ಆನಾ ಸಂಪುಟಗಳನ್ನು ನೋಡಲಿಲ್ಲ. 1914ರಲ್ಲೇ ಹೋಗಿದ್ದರು.

ಆಕೆ ಕೊಟ್ಟಿದ್ದೂ ಹಣವೇ. ಆದರೆ ಆ ಹಣ ಕೆಲಸಕ್ಕೆ ಹೋಯಿತು.

ಹಣವೇ ಇಲ್ಲದೆ ಆಕಾಶಕ್ಕೆ ಹೋದ ಹೆಸರುಗಳೂ ಇವೆ. ಅಪೊಲೊ ಯಾನಿಗಳು ದಾರಿ ಗೊತ್ತುಮಾಡಿಕೊಳ್ಳಲು 37 ನಕ್ಷತ್ರಗಳ ಒಂದು ಪಟ್ಟಿ ಇಟ್ಟುಕೊಂಡಿದ್ದರು. ಗಸ್ ಗ್ರಿಸಮ್ ಎಂಬ ಯಾನಿ ತಮಾಷೆಗೆ, ಅದರಲ್ಲಿದ್ದ ಮೂರು ನಕ್ಷತ್ರಗಳಿಗೆ ತನ್ನ ಮತ್ತು ಇಬ್ಬರು ಜೊತೆಗಾರರ ಹೆಸರಿನ ತುಂಡುಗಳನ್ನು ತಿರುವುಮುರುವು ಮಾಡಿ ಸೇರಿಸಿಬಿಟ್ಟರು. ರೋಜರ್ ಎಂಬುದು ರೆಗೋರ್ ಆಯಿತು, ಐವನ್ ಎಂಬುದು ನವಿ. 1967ರ ಜನವರಿ 27ರಂದು ತಾಲೀಮಿನ ವೇಳೆ ನೌಕೆಯೊಳಗೆ ಬೆಂಕಿ ಬಿದ್ದು ಮೂವರೂ ಸತ್ತರು. ಉಳಿದ ಯಾನಿಗಳು ಆ ಹೆಸರುಗಳನ್ನು ಅಳಿಸಲಿಲ್ಲ. ಚಂದ್ರನಿಗೆ ಹೋದವರು ಅವೇ ಹೆಸರು ಹಿಡಿದು ದಾರಿ ನೋಡಿಕೊಂಡು ಹೋಗಿಬಂದರು. ಇದನ್ನು ಹೇಳುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಇತ್ತೀಚಿನ ಒಂದು ಹೆಸರೂ ಹೇಳಿಬಿಡುತ್ತೇನೆ. 2019ರಲ್ಲಿ ಖಗೋಳ ಒಕ್ಕೂಟ ತನ್ನ ನೂರನೇ ವರ್ಷಕ್ಕೆ, ಒಂದೊಂದು ದೇಶದ ಜನರೂ ಒಂದೊಂದು ನಕ್ಷತ್ರಕ್ಕೆ ಹೆಸರು ಸೂಚಿಸಿ ಎಂದಿತು. ಭಾರತದ ಪಾಲಿಗೆ ಬಂದದ್ದು ಎಚ್‌ಡಿ 86081. ಜನ ಮತ ಹಾಕಿದರು. ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿದ, ಬದುಕಿದ್ದಾಗ ಸಿಗಬೇಕಾದಷ್ಟು ಗೌರವ ಸಿಗದ ವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ ಅದು ಬಿಭಾ ಆಯಿತು. ಇದಕ್ಕೂ ಯಾರೂ ದುಡ್ಡು ಕೊಡಲಿಲ್ಲ.

ಈಗ ಬಯಲಿಗೆ ವಾಪಸ್ ಬರೋಣ. ಹುಡುಗ ಕಾಯುತ್ತಿದ್ದಾನೆ.

ಪತ್ರದಲ್ಲಿದ್ದ ವಿಳಾಸ ನೋಡಿದೆ. ಡೆಲ್ಫಿನಸ್ ಮಂಡಲ. ನಮ್ಮ ಧನಿಷ್ಠಾ ನಕ್ಷತ್ರ ಇರುವುದು ಅಲ್ಲೇ. ಹೊಳೆಯುವ ಶ್ರವಣದಿಂದ ಸ್ವಲ್ಪ ಪೂರ್ವಕ್ಕೆ ಕಣ್ಣು ಹಾಯಿಸಿದರೆ ನಾಲ್ಕು ಚುಕ್ಕೆಗಳ ಪುಟ್ಟ ವಜ್ರಾಕೃತಿ, ಅದಕ್ಕೊಂದು ಬಾಲ. ಮೊದಲು ಅದನ್ನು ಬೆರಳು ಮಾಡಿ ತೋರಿಸಿದೆ. ಆ ವಜ್ರದ ಎರಡು ಚುಕ್ಕೆಗಳಿಗೆ ಸುವಾಲೋಸಿನ್, ರೋಟನೇವ್ ಅಂತ ಹೆಸರು. 1814ರಲ್ಲಿ ಇಟಲಿಯ ಪಲೆರ್ಮೊ ವೀಕ್ಷಣಾಲಯದ ಪಟ್ಟಿಯಲ್ಲಿ ಅವು ದಿಢೀರನೆ ಕಾಣಿಸಿಕೊಂಡವು. ಎಲ್ಲಿಂದ ಬಂದವು ಅಂತ ಎಷ್ಟೋ ವರ್ಷ ಯಾರಿಗೂ ಗೊತ್ತಾಗಲಿಲ್ಲ. ರೋಮನ್ ಅಕ್ಷರದಲ್ಲಿ ಬರೆದು ಹಿಂದಿನಿಂದ ಓದಿದರೆ ನಿಕೊಲಾಸ್ ವೆನಾಟರ್. ಅಲ್ಲಿ ಸಹಾಯಕನಾಗಿದ್ದ ನಿಕೊಲೊ ಕಚ್ಚಾತೋರೆಯ ಹೆಸರಿನ ಲ್ಯಾಟಿನ್ ರೂಪ. ಆ ಪಟ್ಟಿಯಲ್ಲಿ 7,646 ನಕ್ಷತ್ರಗಳಿದ್ದವು. ರಾತ್ರಿ ನಿದ್ದೆಗೆಟ್ಟು ಅವುಗಳ ಜಾಗವನ್ನು ಅಳೆದವರಲ್ಲಿ ಆತನೂ ಒಬ್ಬ. ಹುಡುಗನಿಗೆ ಇದನ್ನು ಹೇಳಿದಾಗ ಮೊದಲ ಸಲ ನಕ್ಕ.

ಅಕ್ಕನ ನಕ್ಷತ್ರ ಆ ವಜ್ರದ ಬಾಲದ ಹತ್ತಿರ. ಬರಿಗಣ್ಣಿಗೆ ಕಾಣುವ ಅತಿ ಮಸುಕಾದ ನಕ್ಷತ್ರಕ್ಕಿಂತ ಸುಮಾರು 40 ಪಟ್ಟು ಮಸುಕು. ಮಾರುವ ನಕ್ಷತ್ರಗಳು ಸಾಮಾನ್ಯವಾಗಿ ಇಂಥವೇ. ಚುಕ್ಕೆಯಿಂದ ಚುಕ್ಕೆಗೆ ಟೆಲಿಸ್ಕೋಪನ್ನು ಮೆಲ್ಲಗೆ ಸರಿಸುತ್ತಾ, ನಕ್ಷೆಗೆ ಹೋಲಿಸುತ್ತಾ, ಅರ್ಧ ಗಂಟೆ ಹಿಡಿಯಿತು. ಸಿಕ್ಕಿತು. ಮೂರು ಚುಕ್ಕೆಗಳ ಒಂದು ಮೂಲೆಯಲ್ಲಿ, ಕೊಂಚ ಹಳದಿಯಾಗಿ. ಅವನು ಕನ್ನಡಕ ತೆಗೆದು ಕಣ್ಣಿಟ್ಟ. ಉಸಿರು ತಾಗಿ ಐಪೀಸಿನ ಗಾಜು ಮಂಜಾಯಿತು. ಒರೆಸಿಕೊಟ್ಟೆ. ಮತ್ತೆ ನೋಡಿದ. ತುಂಬಾ ಹೊತ್ತು ನೋಡಿದ.

ಆಮೇಲೆ ಕೇಳಿದ. "ಸರ್, ವಿಜ್ಞಾನಿಗಳೂ ಇದನ್ನ ಅಕ್ಕನ ಹೆಸರಿನಿಂದಲೇ ಕರೀತಾರಾ?"

ಹೂಂ ಅಂದುಬಿಡಬಹುದಿತ್ತು. ಆ ಕ್ಷಣಕ್ಕೆ ಅದೇ ಸುಲಭ. ಆದರೆ ಮುಂದೆ ಒಂದು ದಿನ ಇನ್ಯಾರೋ ಅವನಿಗೆ ನಿಜ ಹೇಳುತ್ತಾರೆ, ಆಗ ಇನ್ನೂ ಜಾಸ್ತಿ ನೋವಾಗುತ್ತದೆ. "ಇಲ್ಲಪ್ಪ" ಅಂದೆ. "ಅವರಿಗೆ ಇದೊಂದು ನಂಬರು ಅಷ್ಟೇ. ಈ ಹೆಸರು ಆ ಕಂಪನಿಯ ಪಟ್ಟಿಯಲ್ಲಿ ಮಾತ್ರ ಇದೆ."

ಅವನು ಪತ್ರವನ್ನೇ ನೋಡುತ್ತಾ ನಿಂತ. ನನಗೆ ಆ ಕಂಪನಿಯ ಮೇಲೆ ಸಿಟ್ಟು ಬಂದದ್ದು ಆಗಲೇ. ಕೊಟ್ಟ ಗೆಳೆಯರ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ನಕ್ಷತ್ರವೂ ನಿಜ, ಈಗಷ್ಟೇ ನೋಡಿದ್ದೆವು. ಈ ಹೆಸರು ನಮ್ಮ ನಿಮ್ಮ ನಡುವೆ ಮಾತ್ರ ಅಂತ ಪತ್ರದ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಹಾಕಿದ್ದರೆ ಏನು ಹೋಗುತ್ತಿತ್ತು? ಆ ಸಾಲು ಇಲ್ಲದ್ದಕ್ಕೇ ಒಂದು ಮನೆಯವರು ವರ್ಷಪೂರ್ತಿ ತಪ್ಪು ತಿಳಿದುಕೊಂಡಿದ್ದರು. ಆ ತಪ್ಪನ್ನು ತಿದ್ದುವ ಕೆಲಸ, ಕತ್ತಲಲ್ಲಿ ನಿಂತ ಅಪರಿಚಿತನೊಬ್ಬನ ಪಾಲಿಗೆ ಬಂತು.

ಸ್ವಲ್ಪ ಹೊತ್ತಾದ ಮೇಲೆ ಅವನೇ ಮಾತಾಡಿದ. "ಟೆಲಿಸ್ಕೋಪ್ ಇಲ್ಲದೆ ಅಮ್ಮಂಗೆ ಯಾವುದು ಕಾಣುತ್ತೆ ಸರ್? ಅವರಿಗೆ ಇಲ್ಲೀತನಕ ಬರೋಕಾಗಲ್ಲ."

ಧನಿಷ್ಠಾ ಕಾಣುತ್ತದೆ ಎಂದೆ. ಮಾಳಿಗೆಯ ಮೇಲೆ, ಬೀದಿದೀಪದ ಬೆಳಕು ಕಣ್ಣಿಗೆ ಹೊಡೆಯದ ಮೂಲೆಯಲ್ಲಿ ನಿಂತು, ಒಂದೈದು ನಿಮಿಷ ಸುಮ್ನೆ ಕಾಯಬೇಕು. ಆಗ ಆ ವಜ್ರ ಮೆಲ್ಲಗೆ ಮೂಡುತ್ತದೆ. ಅದರಲ್ಲಿ ರೋಟನೇವ್ ನಮ್ಮಿಂದ ಸುಮಾರು 100 ಜ್ಯೋತಿರ್ವರ್ಷ ದೂರ. ಇವತ್ತು ಕಾಣುವ ಬೆಳಕು ಅಲ್ಲಿಂದ ಹೊರಟಾಗ ಅವನ ಅಮ್ಮನೂ ಹುಟ್ಟಿರಲಿಲ್ಲ.

"ಬರ್ದುಕೊಡ್ತೀರಾ?" ಅಂದ. ಕಾಗದಕ್ಕೆ ಜೇಬು ತಡಕಿದೆ. ಅಷ್ಟರಲ್ಲಿ ಅವನು ಚೌಕಟ್ಟನ್ನೇ ತಿರುಗಿಸಿ ಹಿಡಿದ. ಹಿಂಬದಿಗೆ ಕಂದು ಕಾಗದ ಅಂಟಿಸಿದ್ದರು. ಅದರ ಮೇಲೆ ಪೆನ್ಸಿಲಿನಲ್ಲಿ ಮೊದಲು ಶ್ರವಣ ಗುರುತು ಮಾಡಿದೆ, ಆಮೇಲೆ ನಾಲ್ಕು ಚುಕ್ಕೆ, ಬಾಲಕ್ಕೊಂದು ಚುಕ್ಕೆ. ಬಾಲದ ಪಕ್ಕ ಒಂದು ಸಣ್ಣ ಬಾಣ. ಕೆಳಗೆ ಆಗಸ್ಟಿನಿಂದ ನವೆಂಬರ್, ಸಂಜೆ ಕತ್ತಲಾದ ಮೇಲೆ ಅಂತ ಬರೆದೆ. ಬಾಣದ ತುದಿಯಲ್ಲಿ ಏನು ಬರೆಯಲಿ ಅಂತ ಕೇಳಲಿಲ್ಲ. ಪೆನ್ಸಿಲನ್ನು ಅವನ ಕೈಗೇ ಕೊಟ್ಟೆ.